ಹರಕು ರೀಲುಗಳ ಕಥೆ

ಹಾಂಗ್‌ಕಾಂಗಿನ ಜನ ತಮ್ಮ ಹಳೆಯ ಕಪ್ಪು-ಬಿಳುಪು ಕ್ಯಾಂಟನೀಸ್ ಚಿತ್ರಗಳನ್ನು ಆಡುಮಾತಿನಲ್ಲಿ ‘ಚಾನ್ ಪಿನ್’ ಎನ್ನುತ್ತಾರೆ. ಹರಕು ಚಿತ್ರ, ಅಳಿದುಳಿದ ರೀಲು ಎಂದು ಅದರ ಅರ್ಥ. ಆ ಮಾತಿನಲ್ಲಿ ತಾತ್ಸಾರವೂ ಇದೆ, ಮಮತೆಯೂ ಇದೆ. ಕೆಲವು ವರ್ಷಗಳಿಂದ ಈ ಹರಕು ಚಿತ್ರಗಳ ಡಿಸ್ಕುಗಳನ್ನು ಒಂದೊಂದಾಗಿ ಕೂಡಿಹಾಕುತ್ತ ಬಂದಿರುವ ನನಗೆ, ಅವುಗಳ ಇತಿಹಾಸವೆಲ್ಲ ಆ ಹೆಸರಿನಲ್ಲೇ ಅಡಗಿದೆ ಎನಿಸುತ್ತದೆ.

ನಮ್ಮಲ್ಲಿ ಅನೇಕರಿಗೆ ಹಾಂಗ್‌ಕಾಂಗ್ ಸಿನಿಮಾ ಎಂದರೆ ಬ್ರೂಸ್ ಲೀ, ಮತ್ತು 1973ರ ‘ಎಂಟರ್ ದಿ ಡ್ರ್ಯಾಗನ್’. ಆ ಚಿತ್ರದ ಖಳನಾಯಕ, ಒಂದು ಕೈಯಿಲ್ಲದ ಹಾನ್, ಓದುಗರಿಗೆ ನೆನಪಿರಬಹುದು. ಆ ಪಾತ್ರ ಮಾಡಿದ ಷೆಕ್ ಕಿನ್ ನಮಗೆ ಹೊಸಬ. ತನ್ನ ಊರಿನಲ್ಲಾದರೋ ಎರಡು ದಶಕಗಳಿಂದ ಖಳನಾಗಿ ಮೆರೆದವನು. ಅವನ ಜಾಡು ಹಿಡಿದು ಹಿಂದಕ್ಕೆ ಹೋದಾಗ ನನಗೆ ಸಿಕ್ಕಿದ್ದು 1949ರಲ್ಲಿ ಆರಂಭವಾದ ವಾಂಗ್ ಫೈ-ಹುಂಗ್ ಚಿತ್ರಮಾಲೆ.

ವಾಂಗ್ ಫೈ-ಹುಂಗ್ ಕಟ್ಟುಕಥೆಯ ವ್ಯಕ್ತಿಯಲ್ಲ. ದಕ್ಷಿಣ ಚೀನಾದ ಗುವಾಂಗ್‌ಡಾಂಗ್ ಪ್ರಾಂತದಲ್ಲಿ ಬಾಳಿದ ವೈದ್ಯ, ಕುಂಗ್‌ಫೂ ಗುರು. ಗೀತನಾಟಕದ ರಂಗದಿಂದ ಬಂದ ಕ್ವಾನ್ ಟಾಕ್-ಹಿಂಗ್ ಆ ಪಾತ್ರವನ್ನು 70ಕ್ಕೂ ಹೆಚ್ಚು ಚಿತ್ರಗಳಲ್ಲಿ ಮಾಡಿದ. 1956 ಒಂದೇ ವರ್ಷದಲ್ಲಿ ಈ ಮಾಲೆಯ 25 ಚಿತ್ರಗಳು ತಯಾರಾದವು! ಆ ಕಾಲದಲ್ಲಿ ವಾರವೊಂದರಲ್ಲಿ ಮುಗಿಸಿ ಬಿಡುತ್ತಿದ್ದ ಚಿತ್ರಗಳಿಗೆ ‘ಏಳು ದಿನದ ತಾಜಾ ಮಾಲು’ ಎಂಬ ಅರ್ಥದ ಅಡ್ಡಹೆಸರೇ ಇತ್ತು. ಬಂಡವಾಳ ಅಲ್ಪ, ಸೆಟ್ಟು ಒಂದೇ, ನೋಡುವವರು ಬಡವರು.

ಕಷ್ಟ ಈ ಭಾಷೆಯ ಚಿತ್ರಗಳಿಗೆ ಹೊಸದಾಗಿರಲಿಲ್ಲ. ಕ್ಯಾಂಟನೀಸ್ ವಾಕ್ಚಿತ್ರಗಳು 1933ರ ಸುಮಾರಿಗೆ ಹುಟ್ಟಿಕೊಂಡವು. ದೇಶಕ್ಕೆಲ್ಲ ಒಂದೇ ಭಾಷೆ ಇರಲಿ ಎಂದು ಬಯಸಿದ ನಾನ್‌ಜಿಂಗ್ ಸರಕಾರ 1936-37ರಲ್ಲಿ ಅವುಗಳನ್ನು ನಿಷೇಧಿಸಲು ಹೊರಟಿತು. ಅಷ್ಟರಲ್ಲಿ ಜಪಾನಿನೊಡನೆ ಯುದ್ಧ ಬಂದು ಆ ಮಾತು ಹಿಂದೆ ಸರಿಯಿತು. 1941ರ ಡಿಸೆಂಬರಿನಲ್ಲಿ ಹಾಂಗ್‌ಕಾಂಗೇ ಜಪಾನೀಯರ ವಶವಾಯಿತು. ಯುದ್ಧಕ್ಕೆ ಮುಂಚಿನ ಚಿತ್ರಗಳಲ್ಲಿ ಇಂದು ಉಳಿದಿರುವುದು ಬಹಳ ಕಡಿಮೆ.

ಯುದ್ಧದ ನಂತರದ ಅಗ್ಗದ ಸರಕಿನ ನಡುವೆ ಗಟ್ಟಿ ಕಾಳೂ ಇತ್ತು. 1952ರಲ್ಲಿ ಕೆಲವು ಕಲಾವಿದರು, ನಿರ್ದೇಶಕರು ಸೇರಿ ಯೂನಿಯನ್ ಎಂಬ ಚಿತ್ರಸಂಸ್ಥೆಯನ್ನು ಕಟ್ಟಿದರು. ಮೊದಲ ಚಿತ್ರ 1953ರ ‘ಫ್ಯಾಮಿಲಿ’, ಬಾ ಜಿನ್ ಕಾದಂಬರಿಯನ್ನು ಆಧರಿಸಿದ್ದು. ಅದೇ ವರ್ಷ ಲೀ ತಿತ್ ನಿರ್ದೇಶಿಸಿದ ‘ಇನ್ ದ ಫೇಸ್ ಆಫ್ ಡೆಮಾಲಿಷನ್’ ಬಂತು. ನನ್ನ ಸಂಗ್ರಹದಲ್ಲಿ ಒಂದನ್ನೇ ಉಳಿಸಿಕೋ ಎಂದರೆ ಇದನ್ನೇ ಇಟ್ಟುಕೊಳ್ಳುತ್ತೇನೆ. ಒಂದು ಶಿಥಿಲ ವಠಾರ. ಅದರಲ್ಲಿ ಬಾಡಿಗೆ ಕಟ್ಟಲಾಗದ ಮೇಷ್ಟ್ರು, ಟ್ಯಾಕ್ಸಿ ಚಾಲಕ, ಡಾನ್ಸ್ ಹಾಲಿನಲ್ಲಿ ದುಡಿಯುವ ಹೆಣ್ಣು. ಒಬ್ಬರ ಕಷ್ಟಕ್ಕೆ ಇನ್ನೊಬ್ಬರು ಆಗದಿದ್ದರೆ ಯಾರಿಗೂ ಉಳಿಗಾಲವಿಲ್ಲ ಎಂಬುದು ಕಥೆಯ ತಿರುಳು. ವಠಾರದ ಮಕ್ಕಳಲ್ಲಿ ಒಬ್ಬ ಹನ್ನೆರಡರ ಹರೆಯದ ಬ್ರೂಸ್ ಲೀ. ಭಾಷೆ ಬಾರದ ನನಗೆ ಅರ್ಧ ಮಾತು ತಪ್ಪಿಹೋಗುತ್ತದೆ. ಆದರೆ ಬಾಡಿಗೆಯ ದಿನ ಹತ್ತಿರ ಬಂದ ಮುಖ ಹೇಗಿರುತ್ತದೆಂದು ತಿಳಿಯಲು ಅನುವಾದ ಬೇಕಿಲ್ಲ.

1960ರ ದಶಕದ ಆರಂಭದಲ್ಲಿ ವರ್ಷಕ್ಕೆ ಸುಮಾರು 200 ಕ್ಯಾಂಟನೀಸ್ ಚಿತ್ರಗಳು ತಯಾರಾಗುತ್ತಿದ್ದವು. ಮುಂದೆ ಹತ್ತೇ ವರ್ಷಗಳಲ್ಲಿ ಎಲ್ಲವೂ ಕುಸಿಯಿತು. ಬಣ್ಣ, ದೊಡ್ಡ ಪರದೆ, ದೊಡ್ಡ ಬಂಡವಾಳ ಇದ್ದ ಮ್ಯಾಂಡರಿನ್ ಚಿತ್ರಗಳು ಒಂದು ಕಡೆ. 1967ರಲ್ಲಿ ಬಂದ ಟಿವಿಬಿ ಎಂಬ ಪುಕ್ಕಟೆ ಟೆಲಿವಿಷನ್ ಇನ್ನೊಂದು ಕಡೆ. 1972ರಲ್ಲಿ ಒಂದೇ ಒಂದು ಕ್ಯಾಂಟನೀಸ್ ಚಿತ್ರವೂ ತೆರೆಕಾಣಲಿಲ್ಲ. ಮರುವರ್ಷ ಚೋರ್ ಯುವೆನ್ ನಿರ್ದೇಶಿಸಿದ ‘ದ ಹೌಸ್ ಆಫ್ 72 ಟೆನೆಂಟ್ಸ್’ ಬಂದು, ಹಾಂಗ್‌ಕಾಂಗಿನ ಗಳಿಕೆಯಲ್ಲಿ ‘ಎಂಟರ್ ದಿ ಡ್ರ್ಯಾಗನ್’ ಚಿತ್ರವನ್ನೇ ಹಿಂದೆ ಹಾಕಿತು. ಅದೂ ವಠಾರದ ಕಥೆಯೇ. ಚೋರ್ ಯುವೆನ್ ಯೂನಿಯನ್ ಸಂಸ್ಥೆಯ ನಟ ಚೆಂಗ್ ವುಡ್-ಯಾವ್‌ನ ಮಗ ಎಂಬುದನ್ನು ತಿಳಿದಾಗ, ವಠಾರ ತಂದೆಯಿಂದ ಮಗನಿಗೆ ಬಂದ ಆಸ್ತಿಯೇನೋ ಎನಿಸಿತು.

ಹಾಗಾದರೆ ಈ ಹರಕು ರೀಲುಗಳನ್ನು ಉಳಿಸಿದವರು ಯಾರು? ಕೊಂದ ಟೆಲಿವಿಷನ್ನೇ ಒಂದಿಷ್ಟು ಉಳಿಸಿತು ಎಂಬುದು ವಿಚಿತ್ರ. ಹೊತ್ತು ತುಂಬಿಸಲು ಅದು ಹಳೆಯ ಚಿತ್ರಗಳನ್ನು ಮತ್ತೆ ಮತ್ತೆ ತೋರಿಸಿತು. ಅಜ್ಜಿಯ ಪಕ್ಕ ಕುಳಿತು ಮೊಮ್ಮಕ್ಕಳು ನೋಡಿದರು. 1978ರಲ್ಲಿ ಹಾಂಗ್‌ಕಾಂಗ್ ಚಿತ್ರೋತ್ಸವ 1950ರ ದಶಕದ ಕ್ಯಾಂಟನೀಸ್ ಚಿತ್ರಗಳ ಸಿಂಹಾವಲೋಕನ ನಡೆಸಿತು. 2001ರಲ್ಲಿ ಸಾಯ್ ವಾನ್ ಹೋ ಬಡಾವಣೆಯಲ್ಲಿ ಚಲನಚಿತ್ರ ಭಂಡಾರದ ಬಾಗಿಲು ತೆರೆಯಿತು. ಅಲ್ಲಿಗೆ ಸೇರಿದ ಪ್ರತಿಗಳಲ್ಲಿ ಕೆಲವು ಬಂದದ್ದು ಸಾವಿರಾರು ಮೈಲಿ ದೂರದ ಸ್ಯಾನ್ ಫ್ರಾನ್ಸಿಸ್ಕೋದ ಚೈನಾಟೌನಿನಿಂದ. ದುಡಿಯಲು ಹೋದವರು ತಾಯ್ನುಡಿ ಕೇಳುವ ಆಸೆಗೆ ತರಿಸಿಕೊಂಡ ರೀಲುಗಳು ಮರಳಿ ಊರು ಸೇರಿದವು.

ನಮ್ಮ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ 1934ರದು. ಅದರ ಪ್ರತಿ ಇಂದು ಯಾರ ಬಳಿಯೂ ಇಲ್ಲ. ಹಾಗಿರುವಾಗ ಹರಕು ಚಿತ್ರ ಎಂಬ ಹೆಸರನ್ನು ನಾನು ಹಗುರವಾಗಿ ನೋಡಲಾರೆ. ಹರಿದಿದೆ ಎನ್ನಬೇಕಾದರೆ ಅಷ್ಟಾದರೂ ಉಳಿದಿರಬೇಕಲ್ಲ.