ಚಳಿಗಾಲಕ್ಕೆ ಮುನ್ನ ಮನೆಯ ಹಿರಿಯರಿಗಾಗಿ ಮಾಡಬೇಕಾದ ಸಿದ್ಧತೆ

ಬೆಳಗಾವಿ ನಗರ ಸಮುದ್ರಮಟ್ಟದಿಂದ ಸುಮಾರು 750 ಮೀಟರ್ ಎತ್ತರದಲ್ಲಿದೆ. ಸಹ್ಯಾದ್ರಿಗೆ ಹೊಂದಿಕೊಂಡ ಖಾನಾಪುರ ಭಾಗದಲ್ಲಿ ಮಳೆಗಾಲದ ತೇವ ಗೋಡೆ, ಹಾಸಿಗೆಗಳಿಂದ ಆರುವ ಮೊದಲೇ ಚಳಿ ಬರುತ್ತದೆ. ದೀಪಾವಳಿಯಿಂದ ಸಂಕ್ರಾಂತಿಯವರೆಗಿನ ಈ ಅವಧಿ ಹಿರಿಯರಿಗೆ ಕಠಿಣ. ವಯಸ್ಸಾದಂತೆ ದೇಹದಲ್ಲಿ ಶಾಖ ಉತ್ಪತ್ತಿ ಕಡಿಮೆಯಾಗುತ್ತದೆ, ಚಳಿಯ ಅರಿವೂ ಮಂದವಾಗುತ್ತದೆ. ಚಳಿಗೆ ರಕ್ತನಾಳಗಳು ಸಂಕುಚಿತಗೊಂಡು ರಕ್ತದೊತ್ತಡ ಏರುತ್ತದೆ. ಹೀಗಾಗಿ ಹೃದಯಾಘಾತ, ಪಾರ್ಶ್ವವಾಯುವಿನ ಭಯ ಈ ದಿನಗಳಲ್ಲಿ ಹೆಚ್ಚು. "ನನಗೇನೂ ಚಳಿ ಇಲ್ಲ ಬಿಡ್ರಿ" ಎಂದು ಹಿರಿಯರು ಹೇಳಿದರೂ ಮನೆಯವರು ಸುಮ್ಮನಿರಬಾರದು. ಮಹಾವೀರ ನಿರ್ವಾಣ ದಿನದ ಪೂಜೆ ಮುಗಿದ ವಾರದಲ್ಲೇ ಸಿದ್ಧತೆ ಆರಂಭಿಸುವುದು ಒಳ್ಳೆಯದು.

ಕೋಣೆ ಮತ್ತು ಹಾಸಿಗೆ

ಕೌದಿ, ಕಂಬಳಿ, ಗಾದಿಗಳನ್ನು ಎರಡು ಮೂರು ದಿನ ಚೆನ್ನಾಗಿ ಬಿಸಿಲಿಗೆ ಹಾಕಬೇಕು. ನೆಲದ ಮೇಲೆ ಮಲಗುವ ನಿಯಮವಿದ್ದವರಿಗೆ ಮರದ ಹಲಗೆ ಹಾಕಿ, ಅದರ ಮೇಲೆ ಚಾಪೆ ಹಾಸಬಹುದು. ಹಂಚಿನ ಮನೆಯಲ್ಲಿ ಗಾಳಿ ನುಗ್ಗುವ ಸಂದುಗಳನ್ನು ಮುಚ್ಚಬೇಕು, ಆದರೆ ಒಂದು ಕಿಟಕಿಯನ್ನಾದರೂ ಸ್ವಲ್ಪ ತೆರೆದಿಡಬೇಕು. ದಪ್ಪನೆಯ ಒಂದೇ ಸ್ವೆಟರಿಗಿಂತ ತೆಳುವಾದ ಎರಡು ಮೂರು ಬಟ್ಟೆ ಒಂದರ ಮೇಲೊಂದು ಹಾಕಿದರೆ ಹೆಚ್ಚು ಬೆಚ್ಚಗಿರುತ್ತದೆ. ರಾತ್ರಿ ಬಚ್ಚಲಿಗೆ ಹೋಗುವ ದಾರಿಯಲ್ಲಿ ಸಣ್ಣ ದೀಪ ಉರಿಯುತ್ತಿರಲಿ. ಬರೀ ಕಾಲುಚೀಲ ಹಾಕಿಕೊಂಡು ನುಣುಪು ನೆಲದ ಮೇಲೆ ನಡೆದರೆ ಜಾರುವ ಭಯವಿದೆ.

ಬೆಂಕಿ ಮತ್ತು ಬಿಸಿನೀರು

ಮುಚ್ಚಿದ ಕೋಣೆಯಲ್ಲಿ ಇದ್ದಿಲಿನ ಶೇಗಡಿ ಇಟ್ಟು ಮಲಗುವುದು ಜೀವಕ್ಕೇ ಅಪಾಯ. ಅದರಿಂದ ಹೊರಡುವ ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಮಲಗಿದವರಿಗೆ ಎಚ್ಚರವಾಗುವುದೇ ಇಲ್ಲ. ಗಾಳಿಯಾಡದ ಬಚ್ಚಲಿನಲ್ಲಿ ಗ್ಯಾಸ್ ಗೀಸರ್ ಹಚ್ಚಿದರೂ ಇದೇ ಅಪಾಯವಿದೆ. ಸಕ್ಕರೆ ಕಾಯಿಲೆಯಿಂದ ಕಾಲು ಜೋಮು ಹಿಡಿದವರಿಗೆ ಬಿಸಿನೀರಿನ ಚೀಲದಿಂದ ಸುಟ್ಟರೂ ಗೊತ್ತಾಗುವುದಿಲ್ಲ. ಅದರಿಂದ ಹಾಸಿಗೆಯನ್ನು ಬೆಚ್ಚಗೆ ಮಾಡಿ, ಮಲಗುವ ಮೊದಲು ತೆಗೆದುಬಿಡಬೇಕು.

ಚೌವಿಹಾರ ಮತ್ತು ಔಷಧ

ಡಿಸೆಂಬರಿನಲ್ಲಿ ಇಲ್ಲಿ ಸಂಜೆ ಆರರ ಸುಮಾರಿಗೆ ಸೂರ್ಯಾಸ್ತ, ಬೆಳಿಗ್ಗೆ ಏಳರ ಸುಮಾರಿಗೆ ಸೂರ್ಯೋದಯ. ಉದಯದ ನಂತರ 48 ನಿಮಿಷ ಕಾಯುವವರಿಗೆ ಅನ್ನ ನೀರಿಲ್ಲದ ಅವಧಿ ಹದಿಮೂರು ಗಂಟೆ ದಾಟುತ್ತದೆ. ಚಳಿಯಲ್ಲಿ ಬಾಯಾರಿಕೆ ಕಡಿಮೆ ಎಂದು ಹಗಲಿನಲ್ಲೂ ನೀರು ಕುಡಿಯದಿದ್ದರೆ ನಿರ್ಜಲತೆ, ಮಲಬದ್ಧತೆ, ತಲೆಸುತ್ತು ಬರುತ್ತವೆ. ಕಾಯಿಸಿದ ನೀರನ್ನು ಥರ್ಮಾಸಿನಲ್ಲಿ ತುಂಬಿ ಕೈಗೆ ಸಿಗುವಂತೆ ಇಟ್ಟು, ಹಗಲಿಡೀ ಸ್ವಲ್ಪ ಸ್ವಲ್ಪವೇ ಕೊಡಬೇಕು. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರಿಗೆ ಎಷ್ಟು ನೀರು ಎಂಬುದನ್ನು ವೈದ್ಯರೇ ಹೇಳಬೇಕು.

ಇನ್ಸುಲಿನ್ ಅಥವಾ ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಐದೂವರೆಗೇ ಊಟ ಮುಗಿಸಿದರೆ ನಸುಕಿನಲ್ಲಿ ಸಕ್ಕರೆ ತೀರಾ ಇಳಿಯಬಹುದು. ಚೌವಿಹಾರ ಇದೆ ಎಂಬುದನ್ನು ವೈದ್ಯರಿಗೆ ಮೊದಲೇ ತಿಳಿಸಿದರೆ ಅವರು ಔಷಧದ ಪ್ರಮಾಣ, ಹೊತ್ತು ಬದಲಿಸಿ ಕೊಡುತ್ತಾರೆ. ಹೇಳದೆ ಕೇಳದೆ ಮಾತ್ರೆ ಬಿಡುವುದು ತಪ್ಪು. ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಕ್ಕೂ "ಶಕ್ತಿಯನುಸಾರ" ಎಂಬ ಮಾತು ಸೇರಿದೆ. ಕಾಯಿಲೆ ಇದ್ದಾಗ ನಿಯಮ ಹೇಗೆ ಪಾಲಿಸಬೇಕೆಂದು ಮುನಿಗಳನ್ನೋ ಮಾತಾಜಿಯವರನ್ನೋ ಕೇಳಿದರೆ ಹಿರಿಯರ ಮನಸ್ಸಿಗೂ ಸಮಾಧಾನ.

ಬಸದಿ ದರ್ಶನ

ಬೆಳಗಾವಿ ಕೋಟೆಯ ಕಮಲ ಬಸದಿಯನ್ನು ರಟ್ಟರ ನಾಲ್ಕನೆಯ ಕಾರ್ತವೀರ್ಯನ ಸಚಿವ ಬೀಚಿರಾಜ 1204ರಲ್ಲಿ ಕಟ್ಟಿಸಿದನು. ಇಂಥ ಕಲ್ಲಿನ ಬಸದಿಗಳ ನೆಲ ನಸುಕಿನಲ್ಲಿ ಹಿಮದಂತೆ ತಣ್ಣಗಿರುತ್ತದೆ. ತಣ್ಣೀರು ಸ್ನಾನ ಮಾಡಿ, ಒದ್ದೆ ಬಟ್ಟೆಯಲ್ಲಿ ಬರಿಗಾಲಲ್ಲಿ ನಿಲ್ಲುವುದು ವಯಸ್ಸಾದವರಿಗೆ ಬೇಡ. ಬಿಸಿಲು ಬಂದ ಮೇಲೆ ದರ್ಶನಕ್ಕೆ ಕರೆದೊಯ್ಯಬಹುದು. ಬಸದಿಯ ಸಮಿತಿಯವರು ಒಂದೆರಡು ಚಾಪೆ, ಹಲಗೆ, ಕುರ್ಚಿ ಹಾಕಿಸಿದರೆ ಬಹಳ ಅನುಕೂಲ.

ಆಹಾರ

ತುಪ್ಪ ಹಚ್ಚಿದ ಬಿಸಿ ಸಜ್ಜೆ ರೊಟ್ಟಿ, ಎಳ್ಳು, ಶೇಂಗಾ ಚಟ್ನಿ, ಬೇಳೆಕಟ್ಟು ಈ ಕಾಲಕ್ಕೆ ಒಗ್ಗುತ್ತವೆ. ಬೆಳ್ಳುಳ್ಳಿ, ಹಸಿಶುಂಠಿ ಬಿಟ್ಟವರು ಮೆಣಸು, ಜೀರಿಗೆ ಕುದಿಸಿದ ಕಷಾಯ ಮಾಡಿಕೊಳ್ಳಬಹುದು. ಅಂಟಿನುಂಡಿ, ಕರದಂಟು ಶಕ್ತಿ ಕೊಡುತ್ತವೆ, ಆದರೆ ಬೆಲ್ಲವಿರುವುದರಿಂದ ಸಕ್ಕರೆ ಕಾಯಿಲೆಯವರು ಮಿತಿಯಲ್ಲಿರಬೇಕು.

ತಡಮಾಡದೆ ನೆರವು ಪಡೆಯಬೇಕಾದ ಲಕ್ಷಣಗಳು

ಬಾಯಿ ಒಂದು ಕಡೆ ಸೊಟ್ಟಗಾಗುವುದು, ಒಂದು ಕೈ ಎತ್ತಲಾಗದಿರುವುದು, ಮಾತು ತೊದಲುವುದು, ಎದೆನೋವು, ಉಸಿರುಕಟ್ಟುವುದು, ಮೈಯೆಲ್ಲ ತಣ್ಣಗಾಗಿ ಮಂಪರು ಬರುವುದು. ಇವುಗಳಲ್ಲಿ ಒಂದು ಕಂಡರೂ ಕೂಡಲೇ 108ಕ್ಕೆ ಕರೆ ಮಾಡಬೇಕು. ಖಾನಾಪುರದಿಂದ ಬೆಳಗಾವಿ ಸುಮಾರು 25 ಕಿಲೋಮೀಟರ್. ಒಳಗಿನ ಹಳ್ಳಿಗಳಿಂದ ಇನ್ನೂ ದೂರ. ಆದ್ದರಿಂದ ವಾಹನ ಯಾರದ್ದು, ಜೊತೆಗೆ ಯಾರು ಎಂಬುದು ಮೊದಲೇ ಗೊತ್ತಿರಬೇಕು. ಹಿರಿಯ ನಾಗರಿಕರ ರಾಷ್ಟ್ರೀಯ ಸಹಾಯವಾಣಿ 14567.

ಮಕ್ಕಳು ಪುಣೆ, ಬೆಂಗಳೂರು ಸೇರಿ, ಇಬ್ಬರೇ ಅಥವಾ ಒಬ್ಬರೇ ಇರುವ ಹಿರಿಯರು ಓಣಿ ಓಣಿಯಲ್ಲಿದ್ದಾರೆ. ಅವರ ಬಾಗಿಲು ಬೆಳಿಗ್ಗೆ ಎಂಟರೊಳಗೆ ತೆರೆಯಿತೇ ಎಂದು ಪಕ್ಕದ ಮನೆಯವರು ದಿನವೂ ನೋಡಿಕೊಳ್ಳಬೇಕು. ವೈಯಾವೃತ್ಯವೂ ತಪಸ್ಸೇ ಎಂದು ಜೈನಧರ್ಮ ಹೇಳುತ್ತದೆ. ಹಿರಿಯರು ಬಾಯಿಬಿಟ್ಟು ಕೇಳುವುದಿಲ್ಲ. ಕೇಳುವ ಮೊದಲೇ ಹೊದಿಸಿದ ಕೌದಿ ಆ ತಪಸ್ಸಿನ ಭಾಗ.