ಎತ್ತಿಗೆ ಐದು ದಿನ, ಕಾರಿಗೆ ಎಷ್ಟು?

ನಮ್ಮ ಕಡೆ ಗಾಡಿ ಕೊಂಡವರು ಮೊದಲು ಮಾಡುವ ಕೆಲಸ ನಾಲ್ಕು ಚಕ್ರದ ಕೆಳಗೆ ನಾಲ್ಕು ನಿಂಬೆಹಣ್ಣು ಇಡುವುದು. ಷೋರೂಮಿನಿಂದ ಬಂದದ್ದಾಗಲಿ, ಮೂರು ಕೈ ಬದಲಾಯಿಸಿ ಬಂದದ್ದಾಗಲಿ, ಅಜ್ಜೀಪುರದಲ್ಲಿ ಪೂಜೆ ಒಂದೇ. ಹಣ್ಣು ಪಚಕ್ಕೆಂದು ಒಡೆದರೆ ದೃಷ್ಟಿ ಕಳೆಯಿತು ಎಂದು ಲೆಕ್ಕ. ಅಮೆರಿಕದವರ ಆಡುಮಾತಿನಲ್ಲಿ ನಿಂಬೆಹಣ್ಣು ಎಂದರೆ ಕಾರೇ. ಹೊರಗೆ ಥಳಥಳ, ಒಳಗೆ ಕೆಟ್ಟಿರುವ, ಕೊಂಡ ಮೇಲಷ್ಟೇ ಹುಳಿ ತಿಳಿಯುವ ಕಾರು. ಜಾರ್ಜ್ ಅಕರ್ಲಾಫ್ ಎಂಬ ಅರ್ಥಶಾಸ್ತ್ರಜ್ಞರು ಆ ಹೆಸರನ್ನೇ ಇಟ್ಟು 1970ರಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಮಾರುವವನಿಗೆ ಗಾಡಿಯ ಒಳಗುಟ್ಟು ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಹಾಗಾಗಿ ಕೊಳ್ಳುವವನು ಒಳ್ಳೆಯದಕ್ಕೂ ಅಲ್ಲ ಕೆಟ್ಟದ್ದಕ್ಕೂ ಅಲ್ಲ ಎನ್ನುವ ನಡುವಿನ ಬೆಲೆ ಕೇಳುತ್ತಾನೆ. ಆ ಬೆಲೆಗೆ ಒಳ್ಳೆಯ ಗಾಡಿಯವನು ಮಾರಲು ಬರುವುದಿಲ್ಲ, ಕೆಟ್ಟ ಗಾಡಿಯವನು ಓಡಿ ಬರುತ್ತಾನೆ. ಕೊನೆಗೆ ಸಂತೆಯಲ್ಲಿ ಉಳಿಯುವುದು ಕೆಟ್ಟ ಗಾಡಿಗಳೇ. ಈ ಸರಳ ಮಾತಿಗೆ 2001ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು.

ಮೊದಮೊದಲು ಪತ್ರಿಕೆಗಳು ಆ ಪ್ರಬಂಧವನ್ನು ತಿರಸ್ಕರಿಸಿದ್ದವು. 1967-68ರಲ್ಲಿ ಅಕರ್ಲಾಫ್ ದೆಹಲಿಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿದ್ದರು. ಮೊದಲ ತಿರಸ್ಕಾರದ ಪತ್ರ ಅವರ ಕೈಸೇರಿದ್ದು ಭಾರತದಲ್ಲೇ. ಪ್ರಬಂಧದಲ್ಲಿ ನಮ್ಮ ಅಕ್ಕಿಯೂ ಇದೆ. ಅಕ್ಕಿಯ ಬಣ್ಣದ್ದೇ, ಅಕ್ಕಿಯ ಆಕಾರದ್ದೇ ಕಲ್ಲನ್ನು ಬೇಕೆಂದೇ ಬೆರೆಸುವ ಅಂಗಡಿ, ಅದನ್ನು ಆರಿಸುತ್ತ ಕೂರುವ ಭಾರತದ ಗೃಹಿಣಿ. ನಮ್ಮ ತಾಯಂದಿರ ಮೊರ ನೊಬೆಲ್ ಪ್ರಬಂಧದೊಳಗೆ ಹೋಗಿ ಕೂತಿದೆ ಎಂದು ತಿಳಿದಾಗ ನನಗೆ ನಗು ಬಂತು. ಆಮೇಲೆ ಸ್ವಲ್ಪ ಸಿಟ್ಟೂ ಬಂತು. ಮೊರ ಹಿಡಿದು ಆರಿಸುವ ಕೆಲಸ ಕೊಳ್ಳುವವರದ್ದೇ ಎಂದು ಯಾರು ಹೇಳಿದರು?

ಈ ಪ್ರಶ್ನೆ ನನ್ನ ತಲೆಗೆ ಹೊಕ್ಕಿದ್ದು ನಮ್ಮ ಭಾವನ ಕಾರಿನಿಂದ. ಮೈಸೂರಿನ ಒಬ್ಬ ಡೀಲರ್ ಹತ್ತಿರ ಎಂಟು ವರ್ಷ ಹಳೆಯ ಡೀಸೆಲ್ ಗಾಡಿ ತಂದರು. ರಿಂಗ್ ರೋಡಿನಲ್ಲಿ ಓಡಿಸಿ ನೋಡಿದ್ದರು, ಬೆಣ್ಣೆಯಂತೆ ಹೋಗಿತ್ತು. ಹನ್ನೊಂದನೇ ದಿನ ಮನೆಯವರನ್ನೆಲ್ಲ ಕೂರಿಸಿಕೊಂಡು ಮಹದೇಶ್ವರ ಬೆಟ್ಟಕ್ಕೆ ಹೊರಟಾಗ, ತಾಳಬೆಟ್ಟ ದಾಟಿ ಘಾಟಿಯ ತಿರುವುಗಳಲ್ಲಿ ಮುಳ್ಳು ಕೆಂಪಿಗೆ ಏರಿತು, ಬಿಳಿ ಹೊಗೆ ಬಂತು. ಹನೂರಿನ ಮೆಕ್ಯಾನಿಕ್ ಬಿಚ್ಚಿ ನೋಡಿದರೆ ಹೆಡ್ ಗ್ಯಾಸ್ಕೆಟ್ ಹೋಗಿದೆ. ಹಿಂದೊಮ್ಮೆ ಹೆಡ್ ಬಿಚ್ಚಿ ಫೇಸಿಂಗ್ ಮಾಡಿ ಕೂರಿಸಿದ ಗುರುತೂ ಇದೆ. ಇಂಥ ದೋಷ ಸಮತಟ್ಟು ರಸ್ತೆಯಲ್ಲಿ ಅರ್ಧ ಗಂಟೆ ಓಡಿಸಿದರೆ ಕಾಣುವುದಿಲ್ಲ. ಭಾರ ಬೀಳಬೇಕು, ಏರು ಬೇಕು. ಡೀಲರಿಗೆ ಫೋನ್ ಮಾಡಿದರೆ ಉತ್ತರ ಎರಡೇ: ಗಾಡಿ ಇದ್ದ ಹಾಗೇ ಒಪ್ಪಿಕೊಂಡಿದ್ದೇನೆ ಅಂತ ಸೈನ್ ಹಾಕಿದ್ದೀರಿ, ನಾವು ಬರೀ ಮಧ್ಯದವರು, ಪಾರ್ಟಿ ಬೇರೆ.

ಈ ಎರಡು ಉತ್ತರಗಳೂ ಕಾರಿಗಿಂತ ಬಹಳ ಹಳೆಯವು. ಆಲಂಬಾಡಿ, ಬರಗೂರು ತಳಿಗಳ ಸೀಮೆ ನಮ್ಮದು. ಕಾಡಿನಂಚಿನ ಈ ಊರುಗಳವರಿಗೆ ಮುಡುಕುತೊರೆಯ ಜಾತ್ರೆ, ಗಡಿಯಾಚೆ ಅಂದಿಯೂರಿನ ಗುರುನಾಥಸ್ವಾಮಿ ಜಾತ್ರೆ ಹೊಸವಲ್ಲ. ದನದ ಜಾತ್ರೆಯಲ್ಲಿ ದಲ್ಲಾಳಿ ಟವೆಲ್ಲಿನಡಿ ಕೈ ಹಿಡಿದು ಬೆರಳಲ್ಲೇ ಬೆಲೆ ಹೇಳುತ್ತಾನೆ. ಎತ್ತಿನ ವಯಸ್ಸಿಗೆ ಹಲ್ಲೇ ಸಾಕ್ಷಿ: ಎರಡು ಹಲ್ಲು, ನಾಲ್ಕು ಹಲ್ಲು, ಆಮೇಲೆ ಬಾಯಿಗೂಡಿತು. ಬಾಯಿಗೂಡಿದ ಮೇಲೆ ಎಂಟು ವರ್ಷವೋ ಹನ್ನೆರಡೋ ಹೇಳುವುದು ಕಷ್ಟ, ಮೋಸ ಶುರುವಾಗುವುದೂ ಅಲ್ಲೇ. ಕೊಂಬು ಹೆರೆದು ಎಣ್ಣೆ ಸವರಿದರೆ ಮುದಿ ಎತ್ತು ಹರೆಯಕ್ಕೆ ಬರುತ್ತದೆ. ಈಗ ಮೀಟರ್ ಹಿಂದಕ್ಕೆ ತಿರುಗಿಸಿ, ಟೈರಿಗೆ ಪಾಲಿಷ್ ಹೊಡೆಯುತ್ತಾರೆ. ಕೊಳ್ಳುವವರೂ ದಡ್ಡರಲ್ಲ. ಸುಳಿ ನೋಡುತ್ತಿದ್ದರು, ನಡೆಸಿ ನೋಡುತ್ತಿದ್ದರು, ನೊಗ ಹೂಡಿ ನೋಡುತ್ತಿದ್ದರು. ಆದರೂ ಮನೆಗೆ ಬಂದು ಮೂರನೇ ದಿನ ಹೊಲದಲ್ಲಿ ಮಲಗಿಬಿಡುವ ಎತ್ತನ್ನು ಜಾತ್ರೆಯಲ್ಲಿ ಗುರುತಿಸುವುದು ಹೇಗೆ?

ಇದಕ್ಕೆ ಉತ್ತರ ಹುಡುಕಿದವರಲ್ಲಿ ಒಬ್ಬರು ಕನ್ನಡನಾಡಿನವರು. ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದಲ್ಲಿ (1076-1126) ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರ’ ವ್ಯಾಖ್ಯಾನ ಬರೆದ. ಬ್ರಿಟಿಷರ ಕೋರ್ಟುಗಳು ಮಿತಾಕ್ಷರವನ್ನು ಆಸ್ತಿ ಭಾಗದ ಪುಸ್ತಕವೆಂದೇ ಬಳಸಿದ್ದರಿಂದ ನಮಗೂ ಅದು ಅಣ್ಣತಮ್ಮಂದಿರ ಜಗಳದ ಪುಸ್ತಕವಾಗಿಯೇ ಉಳಿದಿದೆ. ಆದರೆ ಅದರಲ್ಲಿ ಕೊಂಡ ವಸ್ತುವನ್ನು ಪರೀಕ್ಷಿಸುವ ಗಡುವಿನ ಭಾಗವೂ ಇದೆ. ಬೀಜಕ್ಕೆ ಹತ್ತು ದಿನ, ಕಬ್ಬಿಣಕ್ಕೆ ಒಂದು ದಿನ, ಹೊರುವ ಎಳೆಯುವ ಪ್ರಾಣಿಗೆ ಐದು ದಿನ, ರತ್ನಕ್ಕೆ ಏಳು ದಿನ, ಕರೆಯುವ ಹಸುವಿಗೆ ಮೂರು ದಿನ. ಈ ಅವಧಿಯೊಳಗೆ ದೋಷ ಕಂಡರೆ ಹಿಂದಿರುಗಿಸಬಹುದು.

ಈ ಪಟ್ಟಿಯನ್ನು ನಾನು ಹಲವು ಸಲ ಓದಿದ್ದೇನೆ. ಇದರ ಹಿಂದಿರುವುದು ಯಾರೋ ಅನುಭವಸ್ಥ ರೈತ ಅನ್ನಿಸುತ್ತದೆ. ಕಬ್ಬಿಣ ಒಳ್ಳೆಯದೋ ಕೆಟ್ಟದ್ದೋ ಬಡಿದ ದಿನವೇ ತಿಳಿಯುತ್ತದೆ. ಹಸು ಹಾಲು ಕೊಡುತ್ತದೋ ಒದೆಯುತ್ತದೋ ನೋಡಲು ಮೂರು ದಿನ ಸಾಕು. ಬೀಜ ಮೊಳೆಯಬೇಕಾದರೆ ಹತ್ತು ದಿನ ಬೇಕು. ದೋಷ ತಾನಾಗಿ ಹೊರಬೀಳಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಮಾರಾಟ ಪೂರ್ತಿಯಾಗುವುದಿಲ್ಲ ಎಂಬುದು ಇಲ್ಲಿನ ನ್ಯಾಯ. ಬರೀ ಮನಸ್ಸು ಬದಲಾಗಿ ಹಿಂದಿರುಗಿಸುವುದು ಬೇರೆ. ಅದಕ್ಕೆ ‘ಅನುಶಯ’ ಎಂದು ಹೆಸರು. ನಾರದ ಸ್ಮೃತಿಯ ಪ್ರಕಾರ ಕೊಂಡ ದಿನವೇ ಕೆಡಿಸದೆ ಹಿಂದಿರುಗಿಸಿದರೆ ನಷ್ಟವಿಲ್ಲ, ಎರಡನೇ ದಿನ ಬೆಲೆಯ ಮೂವತ್ತರಲ್ಲೊಂದು ಪಾಲು ಬಿಡಬೇಕು, ಮೂರನೇ ದಿನ ಅದರ ಎರಡರಷ್ಟು.

ಕೌಟಿಲ್ಯ ಇನ್ನೂ ಉದಾರಿ. ನಾಲ್ಕು ಕಾಲಿನ ಪ್ರಾಣಿಯನ್ನು ಹಿಂದಿರುಗಿಸಲು ಮೂರು ಪಕ್ಷ, ಅಂದರೆ ಒಂದೂವರೆ ತಿಂಗಳು ಕೊಡುತ್ತಾನೆ. ರೋಗವಿರುವುದನ್ನು ಆರೋಗ್ಯವಾಗಿದೆ ಎಂದು ಹೇಳಿ ಮಾರಿದರೆ ಹನ್ನೆರಡು ಪಣ ದಂಡ. ಈ ಅರ್ಥಶಾಸ್ತ್ರದ ಓಲೆಗರಿ 1905ರಲ್ಲಿ ಸಿಕ್ಕಿದ್ದು ಮೈಸೂರಿನ ಓರಿಯಂಟಲ್ ಲೈಬ್ರರಿಗೆ. ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಮೂಲವನ್ನು, 1915ರಲ್ಲಿ ಇಂಗ್ಲಿಷ್ ಅನುವಾದವನ್ನು ಪ್ರಕಟಿಸಿದರು. ಭಾವನ ಗಾಡಿ ಕೆಟ್ಟದ್ದು ಹನ್ನೊಂದನೇ ದಿನ. ಯಾಜ್ಞವಲ್ಕ್ಯನ ಲೆಕ್ಕದಲ್ಲಿ ಗಡುವು ಮೀರಿತ್ತು, ಕೌಟಿಲ್ಯನ ಲೆಕ್ಕದಲ್ಲಿ ಇನ್ನೂ ತಿಂಗಳಿಗೂ ಮೇಲೆ ಬಾಕಿ ಇತ್ತು.

ಇಲ್ಲಿ ಹೇಳದೆ ಬಿಟ್ಟರೆ ಮೋಸವಾಗುವ ಒಂದು ಸಂಗತಿ ಇದೆ. ಆ ಪಟ್ಟಿಯ ಎರಡು ಬಾಬತ್ತುಗಳನ್ನು ನಾನು ಮೇಲೆ ಬರೆದಿಲ್ಲ. ದಾಸಿಗೆ ಒಂದು ತಿಂಗಳು, ದಾಸನಿಗೆ ಅರ್ಧ ತಿಂಗಳು. ಬೀಜ, ಕಬ್ಬಿಣ, ರತ್ನಗಳ ಸಾಲಿನಲ್ಲೇ ಮನುಷ್ಯರೂ ಇದ್ದಾರೆ. ಕೌಟಿಲ್ಯ ಮನುಷ್ಯರನ್ನು ಹಿಂದಿರುಗಿಸಲು ಒಂದು ವರ್ಷ ಕೊಡುತ್ತಾನೆ. ರೋಮಿನಲ್ಲೂ ಇದೇ ಕಥೆ. ಅಲ್ಲಿನ ಸಂತೆ ನೋಡಿಕೊಳ್ಳುತ್ತಿದ್ದ ಈಡೈಲ್ ಎಂಬ ಅಧಿಕಾರಿಗಳು ಗುಲಾಮರಿಗೂ ದನಗಳಿಗೂ ನಿಯಮ ಮಾಡಿದ್ದರು: ರೋಗ, ಊನ, ಓಡಿಹೋಗುವ ಚಾಳಿ ಇದ್ದರೆ ಮಾರುವವನು ಮುಂಚೆಯೇ ಹೇಳಬೇಕು; ಹೇಳದಿದ್ದರೆ ಆರು ತಿಂಗಳೊಳಗೆ ಹಿಂದಿರುಗಿಸಬಹುದು. ಬಚ್ಚಿಟ್ಟ ದೋಷಕ್ಕೆ ಮಾರಿದವನೇ ಹೊಣೆ ಎಂಬ, ಇಂದು ನಾವು ಗ್ರಾಹಕ ನ್ಯಾಯವೆಂದು ಹೆಮ್ಮೆಪಡುವ ತತ್ವ ಬೆಳೆದ ಜಾಗಗಳಲ್ಲಿ ಗುಲಾಮರ ಸಂತೆಯೂ ಒಂದು. ‘ನಮ್ಮ ಹಿರಿಯರು ಎಲ್ಲವನ್ನೂ ಹೇಳಿದ್ದರು’ ಎಂಬ ಧಾಟಿಯಲ್ಲಿ ಈ ಪಟ್ಟಿಯನ್ನು ಉದ್ಧರಿಸುವವರು ಆ ಎರಡು ಬಾಬತ್ತುಗಳನ್ನು ನುಂಗುವುದನ್ನು ಕಂಡಿದ್ದೇನೆ.

ಬ್ರಿಟಿಷರು ತಂದ ನ್ಯಾಯದ ದಾರಿ ಬೇರೆ. ಅವರ ನಾಡಿನ ಹಳೆಯ ಮಾತು, ಕೊಳ್ಳುವವನೇ ಹುಷಾರಾಗಿರಬೇಕು ಎಂದು. 1872ರ ಭಾರತೀಯ ಕರಾರು ಕಾಯ್ದೆಯಲ್ಲಿ ಅದು ಒಂದು ಕುದುರೆಯ ರೂಪದಲ್ಲಿ ಬರುತ್ತದೆ. ಹದಿನೇಳನೇ ಕಲಮಿನ ಕೆಳಗೆ ಉದಾಹರಣೆಗಳಿವೆ. ಒಬ್ಬ ತನ್ನ ಕುದುರೆಯಲ್ಲಿ ದೋಷವಿದೆ ಎಂದು ಗೊತ್ತಿದ್ದೂ ಹರಾಜಿನಲ್ಲಿ ಏನೂ ಹೇಳದೆ ಮಾರುತ್ತಾನೆ. ಇದು ಮೋಸವಲ್ಲ. ಕೊಳ್ಳುವವಳು ಅವನ ಮಗಳೇ ಆಗಿದ್ದು, ಆಗಷ್ಟೇ ಪ್ರಾಯಕ್ಕೆ ಬಂದಿದ್ದರೆ ಮಾತ್ರ ಹೇಳಬೇಕಾದ ಹೊಣೆ ಇದೆ. ಇನ್ನೊಂದು ಉದಾಹರಣೆ ಕುತೂಹಲದ್ದು: ನೀನು ಇಲ್ಲ ಎನ್ನದಿದ್ದರೆ ಕುದುರೆ ಸರಿಯಿದೆ ಎಂದುಕೊಳ್ಳುತ್ತೇನೆ ಎಂದು ಕೊಳ್ಳುವವನು ಹೇಳಿದಾಗ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ.

ಮಗಳಿಗೆ ಹೇಳಬೇಕು, ನೆರೆಯವನಿಗೆ ಬೇಡ! ಒಂದೇ ಉದಾಹರಣೆಯಲ್ಲಿ ಒಂದು ಸಮಾಜದ ಲೆಕ್ಕಾಚಾರವೆಲ್ಲ ಇದೆ. ಕೊಳ್ಳೇಗಾಲ ಸೀಮೆ ಆಗ ಮದ್ರಾಸ್ ಪ್ರಾಂತ್ಯದ ಕೊಯಮತ್ತೂರು ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರವರೆಗೂ ಅಲ್ಲೇ ಇತ್ತು. ಪಕ್ಕದ ಯಳಂದೂರು ದಿವಾನ್ ಪೂರ್ಣಯ್ಯನವರಿಗೆ ಜಹಗೀರಾಗಿ ಸಿಕ್ಕ ಮೈಸೂರಿನ ನೆಲ. ಹಾಗಾಗಿ ಅಜ್ಜೀಪುರದ ರೈತನಿಗೆ ಬ್ರಿಟಿಷ್ ಇಂಡಿಯಾದ ಈ ಕಾಯ್ದೆ ನೇರವಾಗಿ ಅನ್ವಯಿಸುತ್ತಿತ್ತು. ಟವೆಲ್ಲಿನಡಿ ಬೆರಳಲ್ಲಿ ವ್ಯಾಪಾರ ಮುಗಿಸುವವನು ಮಾತಿನಲ್ಲಿ ಕೇಳಲಿಲ್ಲ ಎಂಬ ಕಾರಣಕ್ಕೇ ಸೋಲಬಹುದಿತ್ತು. ಐದು ದಿನ ಹೋಗಿ, ಬಾಯಿಬಿಟ್ಟು ಕೇಳಿದೆಯೋ ಇಲ್ಲವೋ ಎಂಬ ಒಂದು ಕ್ಷಣದ ಮೇಲೆ ನ್ಯಾಯ ನಿಂತಿತು.

1930ರ ಸರಕು ಮಾರಾಟ ಕಾಯ್ದೆ ಇದನ್ನು ಸ್ವಲ್ಪ ಸಡಿಲಿಸಿತು. ಅಂಥ ಸರಕನ್ನೇ ಮಾರುವ ವ್ಯಾಪಾರಿಯಿಂದ ವಿವರಣೆ ನಂಬಿ ಕೊಂಡರೆ ಸರಕು ಮಾರಲು ತಕ್ಕ ಗುಣದ್ದಿರಬೇಕು. ಕೊಳ್ಳುವವನು ಪರೀಕ್ಷಿಸಿ ನೋಡಿದ್ದರೆ ಆ ಪರೀಕ್ಷೆಯಲ್ಲಿ ಕಾಣಬೇಕಿದ್ದ ದೋಷಕ್ಕೆ ಮಾತ್ರ ದೂರುವಂತಿಲ್ಲ. ಗೀಚಿದ ಬಣ್ಣ ಕಾಣುವ ದೋಷ, ಹೆಡ್ ಗ್ಯಾಸ್ಕೆಟ್ ಕಾಣದ ದೋಷ. ಆದರೆ ಅದೇ ಕಾಯ್ದೆ ಈ ರಕ್ಷಣೆಯನ್ನು ಒಪ್ಪಂದದಲ್ಲಿ ಬರೆದು ತೆಗೆದುಹಾಕಲೂ ಬಿಡುತ್ತದೆ. ‘ಇದ್ದ ಹಾಗೇ’ ಎಂಬ ಆ ಅಚ್ಚು ಹಾಳೆಯ ಬೇರು ಇರುವುದು ಇಲ್ಲಿ. ಹಳೆಯ ಕಾರಿನ ಬಗ್ಗೆ ಇಂಗ್ಲೆಂಡಿನ ಕೋರ್ಟು 1965ರಲ್ಲಿ ಒಂದು ಹೆಸರಾಂತ ತೀರ್ಪು ಕೊಟ್ಟಿತು. ಜಾಗ್ವಾರ್ ಕಾರು, ಕ್ಲಚ್ಚಿನಲ್ಲಿ ಸಣ್ಣ ದೋಷವಿದೆ ಎಂದು ಡೀಲರ್ ಹೇಳಿಯೇ ಮಾರಿದ್ದ. ಆಮೇಲೆ ಅದು ದೊಡ್ಡ ಖರ್ಚಿನದ್ದಾಯಿತು. ಹಳೆಯ ಗಾಡಿ ಕೊಂಡವನು ದೋಷಗಳು ಬೇಗ ತಲೆದೋರುವುದನ್ನು ನಿರೀಕ್ಷಿಸಬೇಕು ಎಂದರು ಲಾರ್ಡ್ ಡೆನ್ನಿಂಗ್. ಕೊಂಡವನು ಸೋತ. ತೀರ್ಪು ತಪ್ಪೆಂದು ನನಗೆ ಅನಿಸುವುದಿಲ್ಲ, ಅಲ್ಲಿ ಡೀಲರ್ ದೋಷದ ಸುಳಿವನ್ನಾದರೂ ಕೊಟ್ಟಿದ್ದ.

1986ರ ಗ್ರಾಹಕ ಸಂರಕ್ಷಣಾ ಕಾಯ್ದೆ, ಅದರ ಜಾಗಕ್ಕೆ ಬಂದು 2020ರ ಜುಲೈ 20ರಿಂದ ಜಾರಿಯಾದ 2019ರ ಕಾಯ್ದೆ, ಇವು ಹಳೆಯ ಪಟ್ಟಿಯ ಕಡೆಗೆ ಅರ್ಧ ದಾರಿ ಹಿಂದಿರುಗಿವೆ. ದೋಷ ಎಂದರೆ ವ್ಯಾಪಾರಿ ಯಾವುದೇ ರೀತಿಯಲ್ಲಿ ಹೇಳಿಕೊಂಡ ಗುಣಮಟ್ಟಕ್ಕಿಂತ ಕಡಿಮೆ ಇರುವುದೂ ಹೌದು. ದೂರಿಗೆ ಎರಡು ವರ್ಷದ ಗಡುವು. ಮೌಲ್ಯ ಐದು ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಎಲ್ಲಕ್ಕಿಂತ ದೊಡ್ಡದು, ಈಗ ದೂರುದಾರ ತಾನು ಇರುವ ಜಿಲ್ಲೆಯಲ್ಲೇ ದೂರು ಕೊಡಬಹುದು. ಮೈಸೂರಿಗೆ ಅಲೆಯಬೇಕಿಲ್ಲ, ಚಾಮರಾಜನಗರ ಸಾಕು. ಬಾಡಿಗೆಗೆ ಓಡಿಸಿ ಹೊಟ್ಟೆ ಹೊರೆಯಲು ಕೊಂಡ ಗಾಡಿಯಾದರೂ ಸ್ವಂತ ದುಡಿಮೆಗೆಂದು ಕೊಂಡವನು ಗ್ರಾಹಕನೇ. ಸಹಾಯವಾಣಿಯ ಸಂಖ್ಯೆ 1915. ಶಾಮಶಾಸ್ತ್ರಿಗಳ ಅನುವಾದ ಬಂದ ವರ್ಷವೂ ಅದೇ, ಕಾಕತಾಳೀಯ.

‘ನಾವು ಮಧ್ಯದವರು’ ಎಂಬ ಎರಡನೇ ಉತ್ತರಕ್ಕೂ ಒಂದು ಕತ್ತರಿ ಬಿದ್ದಿದೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ಬಂತು. 2023ರ ಏಪ್ರಿಲ್ 1ರಿಂದ ಹಳೆಯ ವಾಹನಗಳ ಡೀಲರ್ ಅಧಿಕಾರ ಪತ್ರ ಪಡೆಯಬೇಕು, ಮಾಲೀಕನಿಂದ ಗಾಡಿ ಕೈಸೇರಿದ್ದನ್ನು ಸಾರಿಗೆ ಇಲಾಖೆಗೆ ತಿಳಿಸಬೇಕು; ಅಲ್ಲಿಂದ ಅವನನ್ನೇ ಮಾಲೀಕನೆಂದು ಪರಿಗಣಿಸಲಾಗುತ್ತದೆ. ಟವೆಲ್ಲಿನಡಿಯ ಕೈಗೆ ಮೊದಲ ಬಾರಿಗೆ ಒಂದು ಹೆಸರು ಸಿಕ್ಕಂತಾಯಿತು. ದೋಷದ ಹೊಣೆಯ ಬಗ್ಗೆ ನಿಯಮ ನೇರವಾಗಿ ಏನೂ ಹೇಳುವುದಿಲ್ಲ, ಹಿಂದಿರುಗಿಸುವ ದಿನಗಳ ಲೆಕ್ಕವಂತೂ ಇಲ್ಲವೇ ಇಲ್ಲ. ನನ್ನ ತಕರಾರು ಇರುವುದು ಅಲ್ಲೇ. ಎರಡು ವರ್ಷ ಎನ್ನುವುದು ದೂರಿಗೆ ಕೊಟ್ಟ ಗಡುವು. ದೋಷ ಮಾರುವಾಗಲೇ ಇತ್ತೆಂದು ತೋರಿಸುವ ಭಾರ ಈಗಲೂ ಕೊಂಡವನ ತಲೆಯ ಮೇಲೆ. ‘ಇಷ್ಟು ದಿನದೊಳಗೆ ಕೆಟ್ಟರೆ ಹಿಂದಕ್ಕೆ ತಗೋ’ ಎಂದಿದ್ದರೆ ಆ ಭಾರ ಇರುತ್ತಿರಲಿಲ್ಲ.

ಭಾವನ ಬಳಿ ಒಂದು ಬಲವಾದ ಅಸ್ತ್ರ ಇತ್ತು. ಕೊಳ್ಳುವ ಮುಂಚೆ ಅವರು ವಾಟ್ಸಾಪಿನಲ್ಲಿ ಕೇಳಿದ್ದರು, ಇಂಜಿನ್ ಬಿಚ್ಚಿದ್ದಾರಾ ಎಂದು. ‘ಕೈ ಇಟ್ಟಿಲ್ಲ ಸಾರ್, ಸೀಲ್ಡ್ ಇಂಜಿನ್’ ಎಂಬ ಉತ್ತರ ಧ್ವನಿಯಲ್ಲೇ ಉಳಿದಿತ್ತು. 1872ರ ಕುದುರೆಯ ಲೆಕ್ಕದಲ್ಲೂ ಇದು ಮೌನವಲ್ಲ, ಮಾತು. ಜಾಹೀರಾತಿನ ಚಿತ್ರ, ಹಣ ಕೊಟ್ಟ ರಸೀದಿ, ಡೀಲರಿಗೆ ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿದ ನೋಟಿಸು, ಎಲ್ಲ ಜೋಡಿಸಿದೆವು. ದೋಷವನ್ನು ಬಲ್ಲವರು ಬರೆದುಕೊಟ್ಟ ವರದಿ ಇಲ್ಲದಿದ್ದರೆ ದೂರು ಸೊರಗುತ್ತದೆ, ಹಾಗಾಗಿ ಗಾಡಿಯನ್ನು ರಿಪೇರಿ ಮಾಡಿಸದೆ ಹಾಗೇ ನಿಲ್ಲಿಸಿದೆವು.

ಕಷ್ಟವಾದದ್ದು ಆ ವರದಿಯೇ. ಬಿಚ್ಚಿ ತೋರಿಸಿದ ಮೆಕ್ಯಾನಿಕ್ ಬಾಯಲ್ಲಿ ಎಲ್ಲವನ್ನೂ ಹೇಳಿದ, ಬರೆಯಲು ಮಾತ್ರ ಒಪ್ಪಲಿಲ್ಲ. ‘ಬರ್ಕೊಡಾಕೆ ನಮ್ಗ್ಯಾಕ್ ಸಾ, ನಾಳೆ ಅವ್ರೇ ಗಾಡಿ ಕಳಿಸ್ತಾರೆ’ ಎಂದ. ಕೊಳ್ಳೇಗಾಲದಲ್ಲಿ ಇನ್ನಿಬ್ಬರು ಹಾಗೇ ಅಂದರು. ಮೂರನೆಯವರು, ವಯಸ್ಸಾದವರು, ಹೆಡ್ಡನ್ನು ಬೆಳಕಿಗೆ ಹಿಡಿದು ನೋಡಿ, ತಮ್ಮ ಅಂಗಡಿಯ ಬಿಲ್ಲಿನ ಹಿಂದೆ ನಾಲ್ಕು ಸಾಲು ಬರೆದು, ತಾರೀಖು ಹಾಕಿ ಸೈನ್ ಮಾಡಿಕೊಟ್ಟರು. ಕಾಗದ ಕೈಗೆ ಕೊಡುತ್ತ, ಎಷ್ಟು ದಿನ ಓಡಿಸಿದ್ರಿ ಎಂದು ಕೇಳಿದರು. ಹನ್ನೊಂದು ದಿನ ಎಂದರು ಭಾವ. ಬಿಲ್ಲನ್ನು ಮತ್ತೆ ತೆಗೆದುಕೊಂಡು ಅದನ್ನೂ ಕೆಳಗೆ ಸೇರಿಸಿದರು.