ಸರ್ವರ್ ಇಲ್ಲದಿರುವುದು ಎಲ್ಲಿಂದ? ಪುತ್ತೂರು, ಸುಳ್ಯ, ಕಡಬ ತಾಲೂಕುಗಳಲ್ಲಿ ಸಂಪರ್ಕ ಮತ್ತು ವಿಳಂಬದ ಬಹುಸ್ಥಳ ಪರೀಕ್ಷೆ

ದಕ್ಷಿಣ ಕನ್ನಡದ ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ನ್ಯಾಯಬೆಲೆ ಅಂಗಡಿ, ಗ್ರಾಮ ಒನ್ ಕೇಂದ್ರ, ಸಹಕಾರ ಸಂಘಗಳಲ್ಲಿ ಮಳೆಗಾಲವಿಡೀ ಕೇಳಿಬರುವ ಮಾತು ‘ಸರ್ವರ್ ಇಲ್ಲ’. ಈ ಒಂದೇ ದೂರಿನೊಳಗೆ ಹಲವು ಕೆಡುಕುಗಳು ಅಡಗಿರುತ್ತವೆ. ಬೆಂಗಳೂರಿನ ಯಂತ್ರವೇ ನಿಂತಿರಬಹುದು. ನಡುದಾರಿಯಲ್ಲಿ ಗಾಜಿನ ನಾರಿನ ಓಎಫ್‌ಸಿ ಕೇಬಲ್ ತುಂಡಾಗಿರಬಹುದು. ಕರೆಂಟು ಹೋಗಿ, ಬ್ಯಾಟರಿ ಮುಗಿದು ಊರಿನ ಟವರ್ ಕಣ್ಣುಮುಚ್ಚಿರಬಹುದು. ಸರದಿಯಲ್ಲಿ ನಿಂತವರಿಗೆ ಎಲ್ಲವೂ ಒಂದೇ. ಆದರೆ ಸರಿಪಡಿಸಬೇಕಾದವರು ಬೇರೆ ಬೇರೆ. ಯಾರ ಪಾಲಿನ ಕೆಲಸ ಎಂದು ಹೇಳಬೇಕಾದರೆ ಒಂದೇ ಹೊತ್ತಿನಲ್ಲಿ ಹಲವು ಊರುಗಳಿಂದ ಪರೀಕ್ಷಿಸಬೇಕು. ಒಂದೇ ಸ್ಥಳದ ಪರೀಕ್ಷೆ, ಅದು ಎಷ್ಟೇ ನಿಖರವಾಗಿರಲಿ, ಈ ಪ್ರಶ್ನೆಗೆ ಉತ್ತರ ಕೊಡಲಾರದು ಎಂಬುದು ಈ ಲೇಖನದ ವಾದ.

ಪರೀಕ್ಷೆಯ ಸಾಧನಗಳು ಹಳೆಯವು, ಸರಳವಾದವು. 1981ರ ಸೆಪ್ಟೆಂಬರಿನಲ್ಲಿ ಆರ್‌ಎಫ್‌ಸಿ 792 ಎಂಬ ದಾಖಲೆ ಅಂತರ್ಜಾಲದ ನಿಯಂತ್ರಣ ಸಂದೇಶಗಳ (ಐಸಿಎಂಪಿ) ನಿಯಮಗಳನ್ನು ನಿಗದಿಪಡಿಸಿತು. ಅದನ್ನು ಬಳಸಿ 1983ರ ಡಿಸೆಂಬರಿನಲ್ಲಿ ಅಮೆರಿಕದ ಮೈಕ್ ಮೂಸ್ ‘ಪಿಂಗ್’ ಬರೆದರು. ಒಂದು ಪ್ಯಾಕೆಟ್ ಹೋಗಿ ಮರಳುವ ಸಮಯವನ್ನು ಅದು ಅಳೆಯುತ್ತದೆ. ದಾರಿಯ ಒಂದೊಂದು ನಿಲುಗಡೆಯನ್ನೂ ತೋರಿಸುವ ವ್ಯಾನ್ ಜೇಕಬ್‌ಸನ್ನರ ‘ಟ್ರೇಸ್‌ರೂಟ್’ ಅದೇ ದಶಕದ ಕೊನೆಯಲ್ಲಿ ಬಂತು. ಯುರೋಪಿನ ರೈಪ್ ಸಂಸ್ಥೆ 2010ರಲ್ಲಿ ಆರಂಭಿಸಿದ ‘ಅಟ್ಲಾಸ್’ ಯೋಜನೆ ಜಗತ್ತಿನಾದ್ಯಂತ ಸ್ವಯಂಸೇವಕರ ಮನೆ, ಕಚೇರಿಗಳಲ್ಲಿ ಪುಟ್ಟ ಮಾಪಕಗಳನ್ನು ಇರಿಸಿ ಬಹುಸ್ಥಳ ಪರೀಕ್ಷೆಯನ್ನು ಒಂದು ವ್ಯವಸ್ಥೆಯನ್ನಾಗಿ ಮಾಡಿತು. ಆದರೆ ಇಂಥ ಮಾಪಕಗಳು ಹೆಚ್ಚಾಗಿ ಇರುವುದು ಸಂಪರ್ಕ ಚೆನ್ನಾಗಿರುವ ನಗರಗಳಲ್ಲೇ. ಘಟ್ಟದ ಬುಡದ ಕೊಲ್ಲಮೊಗ್ರ, ಕಲ್ಮಕಾರು, ಕೊಂಬಾರಿನಂಥ ಊರುಗಳ ಅನುಭವ ಅಲ್ಲಿಂದ ಕಾಣಿಸದು.

ಅಳೆಯುವ ಮೊದಲು ಕನಿಷ್ಠ ವಿಳಂಬ ಎಷ್ಟಿರಲೇಬೇಕು ಎಂಬುದನ್ನು ಲೆಕ್ಕ ಹಾಕಬಹುದು. ಗಾಜಿನ ನಾರಿನಲ್ಲಿ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಸಾಗುತ್ತದೆ, ಅಂದರೆ ಪ್ರತಿ 100 ಕಿ.ಮೀ.ಗೆ ಹೋಗಿಬರಲು 1 ಮಿಲಿಸೆಕೆಂಡ್. ಪುತ್ತೂರಿನಿಂದ ಬೆಂಗಳೂರಿಗೆ ರಸ್ತೆಯಲ್ಲಿ 300 ಕಿ.ಮೀ.ಗೂ ಸ್ವಲ್ಪ ಹೆಚ್ಚು. ಹಾಗಾಗಿ ಭೌತಶಾಸ್ತ್ರ ಕೇಳುವುದು ಮೂರು ಚಿಲ್ಲರೆ ಮಿಲಿಸೆಕೆಂಡ್ ಮಾತ್ರ. ಅದೇ ಪ್ಯಾಕೆಟ್ ಮಂಗಳೂರಿನಿಂದ ಮುಂಬೈಗೆ ಹೋಗಿ ಅಲ್ಲಿಂದ ಬೆಂಗಳೂರಿಗೆ ಇಳಿಯುವುದಾದರೆ ದಾರಿ ಸುಮಾರು 1,900 ಕಿ.ಮೀ.; ಕನಿಷ್ಠ ವಿಳಂಬ 19 ಮಿಲಿಸೆಕೆಂಡ್. ವಿಳಂಬ ಎಂಬುದು ವೇಗದ ಕುರಿತ ದೂರು ಮಾತ್ರ ಆಗಿರದೆ ದಾರಿಯ ಸುಳಿವೂ ಆಗುವುದು ಹೀಗೆ. ಟವರಿನ ಬೆನ್ನಿಗೆ ನಾರಿನ ಬದಲು ಭೂಸ್ಥಿರ ಉಪಗ್ರಹದ ಕೊಂಡಿ ಇದ್ದರಂತೂ ಸಂಕೇತ 35,786 ಕಿ.ಮೀ. ಎತ್ತರವನ್ನು ನಾಲ್ಕು ಸಲ ದಾಟಬೇಕು. ಅರ್ಧ ಸೆಕೆಂಡಿನ ಹತ್ತಿರದ ಆ ವಿಳಂಬವನ್ನು ಯಾವ ದುರಸ್ತಿಯೂ ಕಡಿಮೆ ಮಾಡಲಾರದು.

ಈ ಮೂರು ತಾಲೂಕುಗಳ ಭೂಗೋಳ ಪರೀಕ್ಷೆಗೆ ವಿಶೇಷ ಅರ್ಥ ಕೊಡುತ್ತದೆ. ಇಲ್ಲಿಂದ ಘಟ್ಟ ಹತ್ತುವ ದೊಡ್ಡ ದಾರಿಗಳು ಮೂರು: ಸುಳ್ಯ–ಸಂಪಾಜೆ–ಮಡಿಕೇರಿ ಹೆದ್ದಾರಿ, ನೆಲ್ಯಾಡಿ ಮೂಲಕ ಶಿರಾಡಿ ಘಾಟಿ, ಮತ್ತು ಕಬಕ-ಪುತ್ತೂರು, ಸುಬ್ರಹ್ಮಣ್ಯ ರೋಡ್ ಮೂಲಕ ಸಕಲೇಶಪುರಕ್ಕೆ ಹೋಗುವ ರೈಲು ಹಳಿ. ದೂರಸಂಪರ್ಕದ ನಾರುಗಳೂ ಸಾಮಾನ್ಯವಾಗಿ ಹೆದ್ದಾರಿ, ಹಳಿಗಳ ಬದಿಯನ್ನೇ ಹಿಡಿಯುತ್ತವೆ. 2018ರ ಆಗಸ್ಟ್‌ನಲ್ಲಿ ಜೋಡುಪಾಲದ ಕಡೆ ಗುಡ್ಡ ಜರಿದು ಮಡಿಕೇರಿ ರಸ್ತೆ ಕಡಿದುಹೋಯಿತು. ಅದೇ ತಿಂಗಳು ಶಿರಾಡಿಯೂ ಮುಚ್ಚಿತು, ರೈಲೂ ನಿಂತಿತು. ಕಾಗದದ ಮೇಲೆ ಮೂರು ಪರ್ಯಾಯಗಳಿದ್ದರೂ ಒಂದೇ ಮಳೆ ಮೂರನ್ನೂ ಒಟ್ಟಿಗೆ ಕೆಡಿಸಬಲ್ಲದು. ಮಾಪಕಗಳು ಆಗ ಇದ್ದಿದ್ದರೆ ಯಾವ ಊರಿನ ಸಂಪರ್ಕ ಪೂರ್ತಿ ಕಡಿಯಿತು, ಯಾವುದು ಕರಾವಳಿಯ ಸುತ್ತುದಾರಿಗೆ ಹೊರಳಿತು ಎಂಬುದನ್ನು ಮಿಲಿಸೆಕೆಂಡುಗಳೇ ಹೇಳುತ್ತಿದ್ದವು.

ಗ್ರಾಮ ಮಟ್ಟದಲ್ಲಿ ಪರ್ಯಾಯವೆಂಬುದೇ ವಿರಳ. 2011ರಲ್ಲಿ ಮಂಜೂರಾಗಿ ಆಮೇಲೆ ಭಾರತ್‌ನೆಟ್ ಎನಿಸಿಕೊಂಡ ಯೋಜನೆ ಪಂಚಾಯತುಗಳಿಗೆ ನಾರು ಎಳೆದದ್ದು ಹೆಚ್ಚಾಗಿ ಒಂದೇ ಸಾಲಿನಲ್ಲಿ. ರಸ್ತೆ ಬದಿ ಜೆಸಿಬಿ ಒಮ್ಮೆ ಬಗೆದರೆ ಅಲ್ಲಿಂದಾಚೆಯ ಪಂಚಾಯತುಗಳೆಲ್ಲ ಕತ್ತಲು. 2023ರಲ್ಲಿ ಒಪ್ಪಿಗೆ ಪಡೆದ ಪರಿಷ್ಕೃತ ಯೋಜನೆ ಸಾಲನ್ನು ಉಂಗುರವಾಗಿ ಬದಲಿಸಲು ಹೊರಟಿರುವುದಕ್ಕೆ ಇದೇ ಕಾರಣ. ಉಂಗುರ ನಿಜಕ್ಕೂ ಉಂಗುರವೇ, ಅಥವಾ ಎರಡು ಎಳೆಗಳೂ ಒಂದೇ ಚರಂಡಿಯ ಬದಿಯಲ್ಲಿ ಹೋಗಿವೆಯೇ ಎಂಬುದನ್ನು ಬಹುಸ್ಥಳ ಪರೀಕ್ಷೆ ಮೊದಲ ಮಳೆಗಾಲದಲ್ಲೇ ಬಯಲಿಗೆಳೆಯುತ್ತದೆ.

2021ರ ಜೂನ್‌ನಲ್ಲಿ ಸುಳ್ಯ ತಾಲೂಕಿನ ಬಳ್ಳಕ್ಕದಲ್ಲಿ ರಸ್ತೆ ಬದಿ ಕೊಡೆಯಡಿ ಕುಳಿತು ಆನ್‌ಲೈನ್ ಪಾಠ ಕೇಳುತ್ತಿದ್ದ ವಿದ್ಯಾರ್ಥಿನಿಯ ಚಿತ್ರ ದೇಶವಿಡೀ ಸುದ್ದಿಯಾಯಿತು. ಅಂಥ ಜಾಗಗಳಲ್ಲಿ ಸಿಗ್ನಲ್ ಸಿಕ್ಕರೂ ಇನ್ನೊಂದು ತೊಡಕಿದೆ. ಸುತ್ತಲಿನ ಊರಿನವರೆಲ್ಲ ಒಂದೇ ಟವರಿಗೆ ಜೋತುಬಿದ್ದಾಗ ಪ್ಯಾಕೆಟ್‌ಗಳು ಸರದಿಯಲ್ಲಿ ಕೊಳೆಯುತ್ತವೆ. ಸಂಪರ್ಕ ಕಡಿಯುವುದಿಲ್ಲ, ವಿಳಂಬ ಮಾತ್ರ ಸೆಕೆಂಡುಗಳಿಗೆ ಏರುತ್ತದೆ. ಮಾತುಕತೆಗೆ ಒಂದು ದಿಕ್ಕಿನ ವಿಳಂಬ 150 ಮಿಲಿಸೆಕೆಂಡ್ ಮೀರದಿದ್ದರೆ ಒಳ್ಳೆಯದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ (ಐಟಿಯು) ಹೇಳುತ್ತದೆ. ‘ತಲುಪುತ್ತದೆ, ತಲುಪುವುದಿಲ್ಲ’ ಎಂಬ ಎರಡೇ ಉತ್ತರದ ಪರೀಕ್ಷೆ ಇಲ್ಲಿ ನಿಷ್ಪ್ರಯೋಜಕ.

ಪಿಂಗ್ ಒಂದನ್ನೇ ನಂಬಲೂಬಾರದು. ಹಲವು ಸರ್ವರ್‌ಗಳು ಐಸಿಎಂಪಿಗೆ ಬೇಕೆಂದೇ ಉತ್ತರಿಸುವುದಿಲ್ಲ. ರೇಷನ್ ಅಂಗಡಿಯ ಬೆರಳಚ್ಚು ಯಂತ್ರದ ಕೋರಿಕೆ ರಾಜ್ಯದ ವ್ಯವಸ್ಥೆಯನ್ನು ದಾಟಿ ಆಧಾರ್ ದತ್ತಾಂಶ ಕೇಂದ್ರದವರೆಗೆ ಹೋಗಿ ಮರಳಬೇಕು. ಮೊದಲ ಕೊಂಡಿ ಗಟ್ಟಿಯಿದ್ದ ಮಾತ್ರಕ್ಕೆ ಅಕ್ಕಿ ಸಿಗುವುದಿಲ್ಲ. ಯೂಟ್ಯೂಬ್ ಓಡುತ್ತಿದೆ ಎನ್ನುವುದೂ ಸಾಕ್ಷಿಯಲ್ಲ, ಆ ವಿಡಿಯೊ ಬಹುಮಟ್ಟಿಗೆ ಸೇವಾದಾರರ ಜಾಲದೊಳಗಿನ ಸಂಗ್ರಹದಿಂದಲೇ ಬರುತ್ತದೆ. ಆದ್ದರಿಂದ ಹೆಸರಿನಿಂದ ವಿಳಾಸ ಹುಡುಕಿಕೊಡುವ ಡಿಎನ್‌ಎಸ್‌ನ ಉತ್ತರ, 443ನೇ ಪೋರ್ಟಿನ ಟಿಸಿಪಿ ಜೋಡಣೆ, ಪುಟದ ಪೂರ್ಣ ಉತ್ತರ ಇವನ್ನೂ ಪ್ರತ್ಯೇಕವಾಗಿ ಅಳೆಯಬೇಕು. ಸುಮ್ಮನಿದ್ದ ಮೊಬೈಲ್ ಎಚ್ಚರವಾಗಲು ಸಮಯ ಹಿಡಿಯುವುದರಿಂದ ಮೊದಲ ಪ್ಯಾಕೆಟನ್ನು ಲೆಕ್ಕದಿಂದ ಬಿಡಬೇಕು. ಸರಾಸರಿಗಿಂತ ಮಧ್ಯಾಂಕವೂ ಕೊನೆಯ ಶೇ. 5ರ ಕೆಟ್ಟ ಫಲಿತಾಂಶಗಳೂ ಹೆಚ್ಚು ಹೇಳುತ್ತವೆ. ಮೊಬೈಲ್ ಜಾಲದ ಫೋನುಗಳನ್ನು ಹೊರಗಿನಿಂದ ನೇರವಾಗಿ ಮುಟ್ಟುವುದು ಸಾಮಾನ್ಯವಾಗಿ ಅಸಾಧ್ಯವಾದ್ದರಿಂದ ಪರೀಕ್ಷೆ ಊರಿನಿಂದಲೇ ಹೊರಡಬೇಕು. ಈಶ್ವರಮಂಗಲ, ಮಂಡೆಕೋಲಿನಂಥ ಗಡಿ ಊರುಗಳಲ್ಲಿ ಫೋನು ಹಿಡಿದದ್ದು ಕೇರಳದ ಟವರನ್ನೋ ಕರ್ನಾಟಕದ್ದನ್ನೋ ಎಂಬುದನ್ನೂ ದಾಖಲಿಸದಿದ್ದರೆ ಅಂಕಿಗಳು ದಾರಿ ತಪ್ಪಿಸುತ್ತವೆ.

ಹೋಲಿಕೆಯೇ ಇಲ್ಲಿನ ತೀರ್ಪುಗಾರ. 2025ರ ಆರಂಭದಲ್ಲಿ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶದ ಮೇಲೆ ಕೋರಿಕೆಗಳ ಮಹಾಪೂರ ಹರಿಸುವ ಡಿಡಿಒಎಸ್ ದಾಳಿ ನಡೆದು ರಾಜ್ಯವಿಡೀ ನೋಂದಣಿ ಕುಂಟಿತು. ಅಂಥ ದಿನ ಪುತ್ತೂರು, ಸುಳ್ಯ, ಕಡಬ, ಮಂಗಳೂರು, ಬೆಂಗಳೂರುಗಳ ಮಾಪಕಗಳೆಲ್ಲ ಒಟ್ಟಿಗೆ ಸೋಲುತ್ತವೆ. ತಪ್ಪು ಸರ್ವರಿನ ಕಡೆಯದು. ಗುತ್ತಿಗಾರು, ಕೊಲ್ಲಮೊಗ್ರ ಸೋತು ಸುಳ್ಯ ಪೇಟೆ ಗೆದ್ದರೆ ಕೆಡುಕು ನಡುವಿನ ಎಳೆಯಲ್ಲಿದೆ. ಒಂದು ಪಂಚಾಯತು ಮಾತ್ರ ಸೋತು, ಅದರ ಮಾಪಕ ತನ್ನ ರೂಟರನ್ನೇ ಮುಟ್ಟಲಾರದಿದ್ದರೆ ನೋಡಬೇಕಾದದ್ದು ಕರೆಂಟನ್ನು.

ಇದಕ್ಕೆ ದೊಡ್ಡ ಖರ್ಚಿಲ್ಲ. ಪಂಚಾಯತು ಗ್ರಂಥಾಲಯ, ಸಹಕಾರ ಸಂಘ, ಪುತ್ತೂರು ಮತ್ತು ಸುಳ್ಯದ ಎಂಜಿನಿಯರಿಂಗ್ ಕಾಲೇಜುಗಳಲ್ಲಿ ಬ್ಯಾಟರಿ ಬೆಂಬಲದ ಸಣ್ಣ ಗಣಕಗಳನ್ನು ಇರಿಸಿ, ಫಲಿತಾಂಶವನ್ನು ಸ್ಥಳೀಯವಾಗಿಯೂ ಉಳಿಸಿಕೊಂಡರೆ ಸಾಕು; ಸಂಪರ್ಕ ಕಡಿದ ಹೊತ್ತಿನ ದಾಖಲೆಯೇ ಅತ್ಯಂತ ಬೆಲೆಯುಳ್ಳದ್ದು. ಸರ್ಕಾರಿ ಸೇವೆಗಳ ಲಭ್ಯತೆಯನ್ನು ದತ್ತಾಂಶ ಕೇಂದ್ರದ ಒಳಗಿಂದಲೇ ಅಳೆದು ಶೇಕಡಾವಾರು ಅಂಕ ಕೊಡುವ ಕ್ರಮವನ್ನು ಇಲಾಖೆಗಳು ಬಿಟ್ಟು, ಘಟ್ಟದ ಬುಡದ ಪಂಚಾಯತುಗಳಿಂದ ಅಳೆದ ಅಂಕಿಗಳನ್ನು ಗುತ್ತಿಗೆಯ ಷರತ್ತಿನಲ್ಲೇ ಸೇರಿಸಬೇಕು.